ಪೆಟ್ಟು ತಿಂದು ಕಲಿತ ಹೆನ್ರಿ: ಒಂದು ಕಂಪ್ಯೂಟರ್ ಆಟದ ವಿಮರ್ಶೆ

"ಈ ವರ್ಷ ನಿಮ್ಮನ್ನು ಹಿಡಿದು ಕೂರಿಸಿದ ಒಂದು ಕೃತಿಯ ಬಗ್ಗೆ ಬರೆಯಿರಿ" ಎಂದು ನಮ್ಮ ವಾಚನಾಲಯದ ಕಾರ್ಯದರ್ಶಿಯವರು ಹೇಳಿದಾಗ ನಾನು ಸ್ವಲ್ಪ ಹಿಂದೆ ಮುಂದೆ ನೋಡಿದೆ. ಹಿಡಿದು ಕೂರಿಸಿದ್ದು ಉಂಟು. ಆದರೆ ಅದು ಪುಸ್ತಕ ಅಲ್ಲ, ಕಂಪ್ಯೂಟರಿನಲ್ಲಿ ಆಡುವ ಒಂದು ಆಟ. 30 ವರ್ಷ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವ, ಆಟ ಬಿಡಿ ಪುಸ್ತಕ ಹಿಡಿಯಿರಿ ಎಂದು ಬೊಬ್ಬೆ ಹಾಕಿದವ, ನಿವೃತ್ತಿಯ ಮೇಲೆ ಆಟದ ಬಗ್ಗೆ ಬರೆಯುವುದೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ನಗಲಿ. ಕಲಿಯುವುದು ಎಂದರೆ ಏನು ಎಂಬ ಬಗ್ಗೆ ಈ ಆಟ ನನಗೆ ಹೇಳಿದ್ದನ್ನು ಯಾವ ತರಬೇತಿ ಶಿಬಿರದಲ್ಲಿಯೂ ಯಾರೂ ಹೇಳಿರಲಿಲ್ಲ. ಹಾಗೆಂದು ಅದರ ತಪ್ಪುಗಳನ್ನು ಬಿಡುವವನೂ ನಾನಲ್ಲ.

ಆಟದ ಹೆಸರು 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್'. ಚೆಕ್ ದೇಶದ ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು ಮಾಡಿದ್ದು, 2018ರ ಫೆಬ್ರವರಿಯಲ್ಲಿ ಬಂದದ್ದು. ಮುಖ್ಯ ನಿರ್ದೇಶಕ ಡೇನಿಯಲ್ ವಾವ್ರಾ. ಮಾಟ ಮಂತ್ರ ಇಲ್ಲದ, ಬೆಂಕಿ ಉಗುಳುವ ಸರ್ಪ ಇಲ್ಲದ, ಬರೀ ಇತಿಹಾಸದ ಕಥೆಯ ಆಟ ಯಾರಿಗೆ ಬೇಕು ಎಂಬ ಅನುಮಾನ ಮೊದಲಿಗೆ ಇತ್ತಂತೆ. 2014ರಲ್ಲಿ ಅವರು ಕಿಕ್‌ಸ್ಟಾರ್ಟರ್ ಎಂಬಲ್ಲಿ ಜನರ ಮುಂದೆಯೇ ಕೈ ಚಾಚಿದರು. ಕೇಳಿದ್ದು 3 ಲಕ್ಷ ಪೌಂಡು, ಬಂದದ್ದು 11 ಲಕ್ಷಕ್ಕೂ ಮೇಲೆ. ಬೇಕು ಎನ್ನುವವರು ಇದ್ದರು ಅಂತಾಯಿತು.

ಕಥೆ ನಡೆಯುವುದು 1403ರಲ್ಲಿ, ಬೊಹೀಮಿಯಾದಲ್ಲಿ. ಇಂದಿನ ಚೆಕ್ ದೇಶದ ಭಾಗ ಅದು. ಅಲ್ಲಿ ಹೆಸರುವಾಸಿಯಾಗಿದ್ದ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ 1378ರಲ್ಲಿ ತೀರಿಹೋದ. ಮಗ ವೆನ್ಸೆಸ್ಲಾಸ್ ಪಟ್ಟಕ್ಕೆ ಬಂದ. ಅಪ್ಪನ ಕೆಲಸ ಮಗನಿಂದ ಆಗಲಿಲ್ಲ. ಅವನ ಮಲತಮ್ಮ, ಹಂಗೇರಿಯ ರಾಜ ಸಿಗಿಸ್ಮಂಡ್, ಅಣ್ಣನನ್ನೇ ಸೆರೆಯಲ್ಲಿಟ್ಟು ಸೈನ್ಯ ನುಗ್ಗಿಸಿದ. ಇಷ್ಟೂ ಇತಿಹಾಸ. ಆ ಸೈನ್ಯ ಸ್ಕಾಲಿಟ್ಜ್ ಎಂಬ ಬೆಳ್ಳಿ ಗಣಿಯ ಊರನ್ನು ಸುಟ್ಟದ್ದೂ ಇತಿಹಾಸವೇ. ಆ ಊರಿನ ಕಮ್ಮಾರನ ಮಗ ಹೆನ್ರಿ ಮಾತ್ರ ಕಲ್ಪನೆ. ಆಡುವವರು ಈ ಹೆನ್ರಿ ಆಗಬೇಕು.

ನನ್ನನ್ನು ಇದಕ್ಕೆ ಕೂರಿಸಿದ್ದು ತಂಗಿಯ ಮಗ. ಬೆಂಗಳೂರಿನಲ್ಲಿ ಕೆಲಸ ಮಾಡುವವ, ಮಳೆಗಾಲದಲ್ಲಿ ಊರಿಗೆ ಬಂದಿದ್ದ. ಹೊರಗೆ ಬಿಡದೆ ಮಳೆ, ಅಂಗಳಕ್ಕೆ ಇಳಿಯುವ ಹಾಗಿಲ್ಲ. "ಮಾವ, ನಿಮಗೆ ಇತಿಹಾಸ ಇಷ್ಟ ಅಲ್ವಾ, ಇದನ್ನು ಒಂದು ಸಲ ನೋಡಿ" ಎಂದು ಮೌಸನ್ನು ಕೈಗೆ ಕೊಟ್ಟ. ಕೊಟ್ಟವನಿಗೆ ಅದು ಹತ್ತು ದಿನ ಹಿಂದೆ ಸಿಗಲಿಲ್ಲ.

ಆಟ ಶುರುವಾಗುವುದು ಒಂದು ಬೆಳಿಗ್ಗೆ. ತಡವಾಗಿ ಎದ್ದ ಮಗನಿಗೆ ಅಪ್ಪ ಕೆಲಸ ಹೇಳುತ್ತಾನೆ. ಇದ್ದಲು ತಾ, ಕುಡಿಯಲಿಕ್ಕೆ ತಾ, ಆ ಕುನೇಶ್ ಎಂಬವ ದುಡ್ಡು ಕೊಡಲಿಕ್ಕೆ ಬಾಕಿ ಉಂಟು, ಕೇಳಿಕೊಂಡು ಬಾ. ಹೆನ್ರಿ ಹೋಗಿ ಕೇಳಿದ. ಕುನೇಶ್ ಕುಡುಕ, ಒರಟ. ಮಾತಿಗೆ ಮಾತು ಬೆಳೆದು ಮುಷ್ಟಿ ಎತ್ತಿದ. ನಾನು ಕೈಗೆ ಸಿಕ್ಕಿದ ಬಟನನ್ನೆಲ್ಲ ಒತ್ತಿದೆ. ಎರಡು ನಿಮಿಷದಲ್ಲಿ ನನ್ನ ಹೆನ್ರಿ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ. ಕಥಾನಾಯಕ ಮೊದಲ ಜಗಳದಲ್ಲೇ ಊರಿನ ಕುಡುಕನ ಕೈಯಲ್ಲಿ ಪೆಟ್ಟು ತಿಂದು ಮಲಗುವ ಕಥೆಯನ್ನು ನಾನು ಹೆಚ್ಚು ಓದಿಲ್ಲ.

ಅದೇ ದಿನ ಸೈನ್ಯ ಬರುತ್ತದೆ. ಅಪ್ಪ ಅಮ್ಮ ಕಣ್ಣೆದುರೇ ಸಾಯುತ್ತಾರೆ. ಹೆನ್ರಿ ಮಾಡುವುದು ಒಂದೇ, ಓಡುವುದು. ಮರುದಿನ ಹೆಣ ಮಣ್ಣು ಮಾಡಲು ಕದ್ದು ಹಿಂದೆ ಬರುತ್ತಾನೆ. ಅಲ್ಲಿ ರಂಟ್ ಎಂಬ ದರೋಡೆಕೋರ ಅವನನ್ನು ಬಡಿದು ಹಾಕಿ, ಅಪ್ಪ ಮಾಡಿದ ಕೊನೆಯ ಕತ್ತಿಯನ್ನು ಕಿತ್ತುಕೊಳ್ಳುತ್ತಾನೆ. ಎಚ್ಚರವಾದಾಗ ಹೆನ್ರಿ ರಟ್ಟಾಯ್ ಎಂಬ ಊರಿನ ಹಿಟ್ಟಿನ ಗಿರಣಿಯಲ್ಲಿ ಮಲಗಿದ್ದಾನೆ. ಕೈಯಲ್ಲಿ ಕಾಸಿಲ್ಲ, ಕತ್ತಿ ಇಲ್ಲ, ಹಿಡಿಯಲಿಕ್ಕೂ ಗೊತ್ತಿಲ್ಲ. ನಿಜವಾದ ಆಟ ಇಲ್ಲಿಂದ.

ಈಗ ಕತ್ತಿವರಸೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ವಿಮರ್ಶೆಯ ತಿರುಳು ಅಲ್ಲೇ ಉಂಟು. ಇದರಲ್ಲಿ ಎಲ್ಲವನ್ನೂ ಹೆನ್ರಿಯ ಕಣ್ಣಿನಿಂದಲೇ ನೋಡುವುದು. ಕತ್ತಿ ಬೀಸಲು ಐದು ದಿಕ್ಕು, ಅದಲ್ಲದೆ ನೇರ ತಿವಿಯುವುದು ಒಂದು. ಮೌಸನ್ನು ಯಾವ ಕಡೆಗೆ ಸರಿಸುತ್ತೇವೆಯೋ ಏಟು ಆ ಕಡೆಯಿಂದ. ಎದುರಾಳಿಯ ಏಟು ಬೀಳುವಾಗ ಒಂದು ಕ್ಷಣ ಹಸಿರು ಗುರುತು ಮಿನುಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ತಡೆದರೆ ಬಚಾವು, ಮೊದಲು ಒತ್ತಿದರೂ ನಂತರ ಒತ್ತಿದರೂ ನಷ್ಟ. ಇದಕ್ಕೆಲ್ಲ ಮೇಲೆ ದಮ್ಮು ಎಂಬುದು ಒಂದು ಉಂಟು. ಬೀಸಿದರೆ ದಮ್ಮು ಹೋಗುತ್ತದೆ, ತಡೆದರೂ ಹೋಗುತ್ತದೆ. ದಮ್ಮು ಮುಗಿದವ ಕತ್ತಿ ಹಿಡಿದಿದ್ದರೂ ಬರಿಗೈಯವನ ಹಾಗೆ. ಗಾಯವಾದರೆ ದಮ್ಮಿನ ಮಿತಿಯೇ ತಗ್ಗುತ್ತದೆ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಗೆದ್ದವನೂ ದಾರಿಯಲ್ಲಿ ಸಾಯುತ್ತಾನೆ.

ಕವಚದ್ದೂ ಹಾಗೆಯೇ. ಒಳಗೆ ಹತ್ತಿ ತುಂಬಿದ ದಪ್ಪ ಅಂಗಿ, ಅದರ ಮೇಲೆ ಉಕ್ಕಿನ ಬಳೆಗಳ ಜಾಲ, ಅದರ ಮೇಲೆ ತಗಡು. ತಗಡಿನ ಮೇಲೆ ಕತ್ತಿ ಬೀಸಿದರೆ ಶಬ್ದ ಬರುತ್ತದೆ ಅಷ್ಟೆ. ಅಲ್ಲಿ ಬೇಕಾದದ್ದು ಗದೆಯಂಥ ಭಾರದ ಆಯುಧ. ಮುಖ ಮುಚ್ಚುವ ಶಿರಸ್ತ್ರಾಣ ಇಟ್ಟರೆ ತಲೆ ಉಳಿಯಿತು, ಆದರೆ ನೋಡಲಿಕ್ಕೆ ಒಂದು ಸಣ್ಣ ಸಂದಿ ಮಾತ್ರ. ಬಿಲ್ಲಿನಲ್ಲಿ ಗುರಿ ತೋರಿಸುವ ಚುಕ್ಕಿ ಕೂಡ ಇಲ್ಲ. ಹೊಸಬನ ಕೈ ನಡುಗುತ್ತದೆ, ಬಾಣ ಎಲ್ಲಿಗೋ ಹೋಗುತ್ತದೆ.

ಮೊದಲ ಎರಡು ದಿನ ನಾನು ದಾರಿಯಲ್ಲಿ ಸಿಕ್ಕಿದ ಒಬ್ಬೊಬ್ಬ ಕಳ್ಳನ ಕೈಯಲ್ಲೂ ಸತ್ತೆ. "ಎಂತ ಮಾವ, ಪುನಃ ಸತ್ತಿರಾ?" ಎಂದು ಅಳಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮೂರನೇ ದಿನ ಪಕ್ಕದಲ್ಲಿ ಕೂತು ಹೇಳಿದ: "ಮಾವ, ನೀವು ಹೊಡೆಯುದನ್ನು ನಿಲ್ಲಿಸಿ. ಅವ ಹೊಡೆಯುದನ್ನು ನೋಡಿ." ಇಷ್ಟು ವರ್ಷ ಮಕ್ಕಳಿಗೆ "ಬರೆಯುವ ಮೊದಲು ನೋಡು" ಎಂದವನಿಗೆ ಆ ಮಾತು ತಾಗಿತು.

ರಟ್ಟಾಯ್ ಕೋಟೆಯ ಬಳಿ ಬರ್ನಾರ್ಡ್ ಎಂಬ ದಳಪತಿ ಇದ್ದಾನೆ. ಅವನ ಅಖಾಡದಲ್ಲಿ ಮರದ ಕತ್ತಿ ಹಿಡಿದು ಎಷ್ಟು ಹೊತ್ತು ಬೇಕಾದರೂ ಅಭ್ಯಾಸ ಮಾಡಬಹುದು. ಮೇಲಿನಿಂದ, ಎಡದಿಂದ, ಕೆಳಗಿನಿಂದ, ತಡೆ, ಪುನಃ ತಡೆ. ನಾನು ಎರಡು ಸಂಜೆ ಅಲ್ಲೇ ಕಳೆದೆ. ಕಥೆ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ, ಬೇಸರವೂ ಆಗಲಿಲ್ಲ. ಮೂರನೇ ಸಂಜೆ ಕಾಡಿನ ದಾರಿಯಲ್ಲಿ ಒಬ್ಬ ಅಡ್ಡ ಬಂದ. ಅವನ ಹೆಗಲು ಎತ್ತಿದ್ದು ನನಗೆ ಕಂಡಿತು. ತಡೆದೆ, ತಿವಿದೆ, ಹಿಂದೆ ಸರಿದೆ, ದಮ್ಮು ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಅವ ಕತ್ತಿ ಕೆಳಗೆ ಹಾಕಿ ಪ್ರಾಣ ಉಳಿಸು ಎಂದು ಬೇಡಿದ. ನಾನು ಬಿಟ್ಟುಬಿಟ್ಟೆ, ಓಡಿಹೋದ. ನನ್ನ ಅಂಗೈ ಬೆವತಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಈ ಜಾತಿಯ ಆಟಗಳಲ್ಲಿ ವಿದ್ಯೆಗೆ ಅಂಕ ಇರುತ್ತದೆ. ಇದರಲ್ಲೂ ಉಂಟು, ಪ್ರತಿ ವಿದ್ಯೆಯೂ 20ರ ತನಕ ಏರಬಹುದು. ಯಾವುದನ್ನು ಮಾಡುತ್ತೇವೆಯೋ ಅದು ಮಾತ್ರ ಏರುತ್ತದೆ. ಕತ್ತಿ ಹಿಡಿದರೆ ಕತ್ತಿ, ಕುದುರೆ ಹತ್ತಿದರೆ ಸವಾರಿ, ಮಾತಾಡಿದರೆ ಮಾತು. ಆದರೆ ಈ ಆಟದ ಗಟ್ಟಿತನ ಅಂಕದಲ್ಲಿಲ್ಲ. ಹೆನ್ರಿಯ ಅಂಕ ಒಂದು ಕಡೆ ಏರುವಾಗ, ಅದನ್ನು ಆಡುವ ನನ್ನ ಕಣ್ಣು ಮತ್ತು ಮಣಿಕಟ್ಟು ಇನ್ನೊಂದು ಕಡೆ ಪಳಗುತ್ತವೆ. ಎರಡೂ ಒಟ್ಟಿಗೆ ನಡೆಯುವ ತನಕ ಆಟ ಸತ್ಯ ಹೇಳುತ್ತಿರುತ್ತದೆ. ನಮ್ಮ ಯಕ್ಷಗಾನ ಮೇಳಗಳಲ್ಲಿ ಸೇರಿದ ಹುಡುಗ ಮೊದಲ ವರ್ಷವೇ ಕಿರೀಟ ಇಡುವುದಿಲ್ಲ. ಕೋಡಂಗಿ, ಬಾಲಗೋಪಾಲ, ಆಮೇಲೆ ಪುಂಡುವೇಷ. ವೇಷದ ಹೆಸರು ದೊಡ್ಡದಾಯಿತು, ಕಾಲು ಮಾತ್ರ ತಾಳಕ್ಕೆ ಬೀಳುವುದಿಲ್ಲ ಅಂತಾದರೆ ಸಭೆಗೆ ಕೂಡಲೇ ಗೊತ್ತಾಗುತ್ತದೆ. ಈ ಆಟವೂ ಅಷ್ಟೇ ನಿಷ್ಠುರವಾಗಿ ಶುರುವಾಗುತ್ತದೆ.

ಶುರುವಾಗುತ್ತದೆ ಎಂದೆ, ಕೊನೆಯ ತನಕ ಹಾಗೆ ಉಳಿಯುವುದಿಲ್ಲ. ನನ್ನ ಮೊದಲ ತಕರಾರು ಅದೇ. ಬರ್ನಾರ್ಡ್ ಕಲಿಸುವ ವಿದ್ಯೆಗಳಲ್ಲಿ 'ಮಾಸ್ಟರ್ ಸ್ಟ್ರೈಕ್' ಎಂಬುದು ಒಂದು. ಸರಿಯಾದ ಕ್ಷಣಕ್ಕೆ ತಡೆದರೆ ಸಾಕು, ಹೆನ್ರಿಯೇ ತಿರುಗಿ ಬಲವಾಗಿ ಹೊಡೆಯುತ್ತಾನೆ. ಇದನ್ನು ಕಲಿತ ಮೇಲೆ ಐದು ದಿಕ್ಕೂ ಬೇಡ, ಏಟುಗಳ ಜೋಡಣೆಯೂ ಬೇಡ. ಸುಮ್ಮನೆ ನಿಲ್ಲುವುದು, ಅವ ಬೀಸುವುದನ್ನು ಕಾಯುವುದು, ಒಂದು ಬಟನು ಒತ್ತುವುದು. ಎದುರಾಳಿಗೂ ಈ ವಿದ್ಯೆ ಗೊತ್ತಿರುವುದರಿಂದ ತಾನಾಗಿ ಮುಂದೆ ಹೋಗಿ ಹೊಡೆದವನೇ ದಡ್ಡನಾಗುತ್ತಾನೆ. ಕಷ್ಟಪಟ್ಟು ಕಲಿಸಿದ್ದನ್ನೆಲ್ಲ ಗುರುವೇ ಅಳಿಸಿ, ಪರೀಕ್ಷೆಗೆ ಇದೊಂದು ಗೈಡು ಸಾಕು ಎಂದು ಕೈಗೆ ಕೊಟ್ಟ ಹಾಗೆ. ಆಟದ ಅರ್ಧ ದಾಟುವಾಗ ಮೈತುಂಬ ತಗಡು ಹೊದ್ದ ನನ್ನ ಹೆನ್ರಿಗೆ ಒಬ್ಬೊಬ್ಬ ಎದುರಾಳಿ ಲೆಕ್ಕಕ್ಕೇ ಇರಲಿಲ್ಲ. ಮೂರು ನಾಲ್ಕು ಜನ ಸುತ್ತುವರಿದರೆ ಮಾತ್ರ ಕಷ್ಟ, ಅದೂ ಬೇರೆ ಕಾರಣಕ್ಕೆ: ನೋಟ ಒಬ್ಬನಿಗೆ ಅಂಟಿಕೊಂಡು ಬೆನ್ನಿನ ಹಿಂದಿನವ ಕಾಣುವುದೇ ಇಲ್ಲ. ಅದು ಕಲಿಕೆಯ ಕಷ್ಟ ಅಲ್ಲ, ಕೈಗೆ ಸಿಗದ ಯಂತ್ರದ ಕಷ್ಟ. ಎರಡರ ವ್ಯತ್ಯಾಸ ಆಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

2025ರ ಫೆಬ್ರವರಿಯಲ್ಲಿ ಇದರ ಎರಡನೇ ಭಾಗ ಬಂದಿದೆ. ಅದರಲ್ಲಿ ಈ ವಿದ್ಯೆ ಕತ್ತಿಗೆ ಮಾತ್ರ. ಏಟು ಬರುವ ದಿಕ್ಕಿಗೆ ವಿರುದ್ಧ ದಿಕ್ಕನ್ನು ಆ ಕ್ಷಣದಲ್ಲೇ ಹಿಡಿಯಬೇಕು. ಅಂದರೆ ಪುನಃ ನೋಡಿ ಕಲಿಯಲೇಬೇಕು. ಒಳ್ಳೆಯ ತಿದ್ದುಪಡಿ.

ಅಂಕದ ಲೆಕ್ಕ ಬರಿದೇ ಲೆಕ್ಕವಾದರೆ ಎಂತ ಆಗುತ್ತದೆ ಎಂಬುದಕ್ಕೆ ಒಂದು ತಮಾಷೆಯ ಉದಾಹರಣೆಯೂ ಉಂಟು. ಸೊಪ್ಪು ಕೊಯ್ಯುವ ವಿದ್ಯೆಯಲ್ಲಿ ಸ್ವಲ್ಪ ಮುಂದೆ ಹೋದರೆ, ಪ್ರತಿ ಸಲ ಬಗ್ಗಿ ಗಿಡ ಕೀಳುವಾಗಲೂ ಹೆನ್ರಿಯ ಮೈಬಲ ಏರುವ ಹಾಗೆ ಮಾಡಿಕೊಳ್ಳಬಹುದು. ನಾನು ಒಂದು ಮಧ್ಯಾಹ್ನ ಇಡೀ ತೋಡಿನ ಬದಿಯಲ್ಲಿ ತುರಿಕೆ ಗಿಡ, ಹೂಗಿಡ ಕಿತ್ತು ಕಿತ್ತು ಜಟ್ಟಿಯಾದೆ. ತೋಟದಲ್ಲಿ ಬಗ್ಗಿ ಕೆಲಸ ಮಾಡಿದವರಿಗೆ ಇದು ಪೂರ್ತಿ ಸುಳ್ಳು ಅಂತ ಅನಿಸಲಿಕ್ಕಿಲ್ಲ. ಆದರೆ ಒಂದೇ ಮಧ್ಯಾಹ್ನದಲ್ಲಿ?

ಉಳಿಸುವ ಕ್ರಮ ಇನ್ನೊಂದು. ಆಡಿದ್ದನ್ನು ಬೇಕಾದಾಗಲೆಲ್ಲ ಉಳಿಸಿಡಲು ಇದು ಬಿಡುವುದಿಲ್ಲ. ಹಾಸಿಗೆಯಲ್ಲಿ ಮಲಗಬೇಕು, ಇಲ್ಲವೇ ಸೇವಿಯರ್ ಶ್ನಾಪ್ಸ್ ಎಂಬ ಬೆಲೆಬಾಳುವ ಮದ್ಯ ಕುಡಿಯಬೇಕು, ಇಲ್ಲವೇ ಆಟ ಮುಚ್ಚಿ ಹೊರಗೆ ಹೋಗಬೇಕು. ಸೋತರೆ ಹಿಂದಿನ ಗಂಟೆಗಳೆಲ್ಲ ನೀರಿಗೆ. ಇದರಿಂದ ಹೆದರಿಕೆ ಹುಟ್ಟುತ್ತದೆ, ಹೆದರಿಕೆಯಿಂದ ಜಾಗ್ರತೆ ಹುಟ್ಟುತ್ತದೆ. ಕತ್ತಿ ಎಳೆಯುವ ಮೊದಲು ಮಾತಿನಲ್ಲಿ ಮುಗಿಯುತ್ತದಾ ಎಂದು ನೋಡುವ ಬುದ್ಧಿ ಬರುತ್ತದೆ. ಈ ಕಟ್ಟುನಿಟ್ಟು ನನಗೆ ಸರಿ ಕಂಡಿತು. ಗುಡುಗು ಬಂದು ಕರೆಂಟು ಹೋಗಿ ಎರಡು ಗಂಟೆಯ ಆಟ ಮಾಯವಾದ ಸಂಜೆ ಮಾತ್ರ ಸರಿ ಕಾಣಲಿಲ್ಲ.

ಇನ್ನು ಕತ್ತಿ ಬಿಟ್ಟು ಅಕ್ಷರಕ್ಕೆ ಬರುತ್ತೇನೆ. ಹೆನ್ರಿಗೆ ಓದಲಿಕ್ಕೆ ಬರುವುದಿಲ್ಲ. ಅವನ ಕಾಲದ ಕಮ್ಮಾರನ ಮಗನಿಗೆ ಅದು ಸಹಜ. ಆದರೆ ಆಟ ಅದನ್ನು ಹೇಳುವುದಿಲ್ಲ, ತೋರಿಸುತ್ತದೆ. ಎಲ್ಲಿಯಾದರೂ ಪುಸ್ತಕ ಸಿಕ್ಕಿ ಬಿಡಿಸಿದರೆ ಒಳಗೆ ಅಕ್ಷರಗಳಿವೆ, ನಮಗೆ ಗೊತ್ತಿರುವ ಅಕ್ಷರಗಳೇ, ಆದರೆ ಹಿಂದೆ ಮುಂದಾಗಿ ಕೂತಿವೆ. ಯಾವ ಶಬ್ದವೂ ಶಬ್ದವಾಗುವುದಿಲ್ಲ. ಉಝಿಟ್ಜ್ ಎಂಬ ಹಳ್ಳಿಯಲ್ಲಿ ಒಬ್ಬ ಲಿಪಿಕಾರ ಇದ್ದಾನೆ. ಅವನ ಹತ್ತಿರ ಹೋಗಿ ಕಲಿಯಬೇಕು. ಕಲಿತ ಮೇಲೂ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಓದಿದಷ್ಟು ಅಲ್ಲೊಂದು ಇಲ್ಲೊಂದು ಶಬ್ದ ನೆಟ್ಟಗಾಗುತ್ತ ಬರುತ್ತದೆ.

ಆ ಪುಟದ ಮುಂದೆ ನಾನು ತುಂಬ ಹೊತ್ತು ಕೂತೆ. 30 ವರ್ಷ ಅಕ್ಷರವನ್ನು ನಾನು ಮೇಜಿನ ಈಚೆಯಿಂದ ನೋಡಿದವ. ಮೇಜಿನ ಆಚೆ ಕೂತ ಮಗುವಿಗೆ ಕಪ್ಪು ಹಲಗೆ ಹೇಗೆ ಕಾಣುತ್ತಿತ್ತು ಎಂಬುದು ಅವತ್ತು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. "ಎಷ್ಟು ಸಲ ಹೇಳುವುದು" ಎಂದು ನಾನು ಗದರಿಸಿದ ಒಂದೆರಡು ಮುಖ ನೆನಪಾಯಿತು.

ಇನ್ನೊಂದು ನೆನಪೂ ಬಂತು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ನನ್ನ ಹಾಗೆ ಕನ್ನಡ ಶಾಲೆಯಲ್ಲೇ ಕಲಿತ ಎಷ್ಟೋ ಮಂದಿಗೆ ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ನನಗೊಂದು ಫಾರಂ ಕೊಟ್ಟರು, ಇಡೀ ಮಲಯಾಳ. ಪಕ್ಕದಲ್ಲಿದ್ದ ಎಂಟನೇ ಕ್ಲಾಸಿನ ಒಬ್ಬ ಹುಡುಗನ ಹತ್ತಿರ ಓದಿಸಿ ತುಂಬಿದೆ. "ಮಾಷಿಗೆ ಓದಲಿಕ್ಕೆ ಗೊತ್ತಿಲ್ವಾ?" ಎಂದು ಅವ ಕೇಳಿದ್ದು ತಪ್ಪೇನೂ ಅಲ್ಲ, ಕುತೂಹಲ. ನಾನು ಕನ್ನಡಕ ತರಲಿಲ್ಲ ಎಂದು ಸುಳ್ಳು ಹೇಳಿದೆ. ಕನ್ನಡಕ ಕಿಸೆಯಲ್ಲೇ ಇತ್ತು. ನಮ್ಮ ಫಾರಂ ನಮ್ಮ ಭಾಷೆಯಲ್ಲೂ ಸಿಗಬೇಕು ಎಂಬುದು ಬೇರೆ ಮಾತು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಆ ದಿನದ ಸುಳ್ಳು ನನ್ನದು. ಹೆನ್ರಿ ಆ ಸುಳ್ಳು ಹೇಳುವುದಿಲ್ಲ. ನನಗೆ ಬರುವುದಿಲ್ಲ, ಕಲಿಸು ಎಂದು ಲಿಪಿಕಾರನ ಮುಂದೆ ನಿಲ್ಲುತ್ತಾನೆ.

ಆದರೆ ವಿಮರ್ಶಕನಾಗಿ ಇಲ್ಲಿಯೂ ಒಂದು ಮಾತು ಹೇಳಬೇಕು. ಕತ್ತಿ ಕಲಿಯುವಾಗ ಆಡುವವನ ಕೈ ಕಲಿಯುತ್ತದೆ. ಓದು ಕಲಿಯುವಾಗ ಆಡುವವ ಸುಮ್ಮನೆ ಕೂರುತ್ತಾನೆ, ಆಟದ ಹೊತ್ತು ಓಡುತ್ತದೆ, ಅಂಕ ಏರುತ್ತದೆ. ಅಷ್ಟು ಒಳ್ಳೆಯ ಕಲ್ಪನೆ ಅರ್ಧದಲ್ಲಿ ನಿಂತಿತು. ಆ ತಿರುವು ಮುರುವು ಅಕ್ಷರಗಳನ್ನು ನಾವೇ ಜೋಡಿಸುವ ಹಾಗೆ ಮಾಡಿದ್ದರೆ?

ನನ್ನ ದೊಡ್ಡ ತಕರಾರು ಕಥೆಯ ಬಗ್ಗೆ. (ಆಡಬೇಕೆಂದಿರುವವರು ಈ ಪ್ಯಾರಾ ದಾಟಿ ಹೋಗಬಹುದು.) ಇಷ್ಟೆಲ್ಲ ಪೆಟ್ಟು ತಿಂದು, ಬಿದ್ದು, ಎದ್ದು, ಕಮ್ಮಾರನ ಮಗ ಮೇಲೆ ಬಂದ ಎಂದು ನಾವು ಸಂತೋಷಪಡುವಾಗ ಆಟ ಒಂದು ಗುಟ್ಟು ಬಿಚ್ಚುತ್ತದೆ: ಹೆನ್ರಿ ಹುಟ್ಟಿದ್ದು ಆ ಊರಿನ ಒಡೆಯ ರಾಡ್ಜಿಗ್ ಕೋಬಿಲಾನಿಗೆ. ನಮಗೆ ಕರ್ಣನ ಕಥೆ ಗೊತ್ತುಂಟು. ಸೂತನ ಮನೆಯಲ್ಲಿ ಬೆಳೆದವ ಕ್ಷತ್ರಿಯ ಎಂದು ತಿಳಿಯುವುದು ಅವನ ಪಾಲಿಗೆ ವರ ಅಲ್ಲ, ಸಂಕಟ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಆ ಸಂಕಟವನ್ನೇ ಗಂಟೆಗಟ್ಟಲೆ ಹಿಂಜುತ್ತಾನೆ. ಇಲ್ಲಿ ಅದು ಹೆಚ್ಚುಕಡಿಮೆ ಕೊಡುಗೆಯ ಹಾಗೆ ಬರುತ್ತದೆ. ಹಾಗಾದರೆ ನಾನು ಆ ಎರಡು ಸಂಜೆ ಅಖಾಡದಲ್ಲಿ ಬೆವರಿದ್ದು ಯಾಕೆ? ದುಡಿದು ಬಂದದ್ದಾ, ರಕ್ತದಿಂದ ಬಂದದ್ದಾ? ಆಟದ ಕೈಗಳು ಒಂದು ಹೇಳುತ್ತವೆ, ಬಾಯಿ ಇನ್ನೊಂದು ಹೇಳುತ್ತದೆ. ನಾನು ಕೈಗಳನ್ನು ನಂಬುತ್ತೇನೆ.

ಆಟದ ಕೊನೆ ಮಾತ್ರ ಈ ತಪ್ಪನ್ನು ಸ್ವಲ್ಪ ತೊಳೆಯುತ್ತದೆ. ರಂಟ್ ಸಾಯುತ್ತಾನೆ, ಆದರೆ ಅಪ್ಪನ ಕತ್ತಿ ಹೆನ್ರಿಗೆ ಸಿಗುವುದಿಲ್ಲ, ಅದು ಇನ್ನೊಬ್ಬನ ಕೈ ಸೇರಿರುತ್ತದೆ. ಕೆಲವರು ಇದನ್ನು ಎರಡನೇ ಭಾಗ ಮಾರುವ ಉಪಾಯ ಎಂದು ಬೈದರು. ಇದ್ದೀತು. ಆದರೂ ವಿದ್ಯೆ ಬಂದ ಮಾತ್ರಕ್ಕೆ ಕಳೆದುಹೋದದ್ದು ಹಿಂದೆ ಬರುವುದಿಲ್ಲ ಎಂಬ ಮಾತು ಅದರಲ್ಲಿ ಉಂಟು.

ಶತ್ರುಗಳನ್ನು ತೋರಿಸುವ ಕ್ರಮವೂ ನನಗೆ ಪೂರ್ತಿ ಹಿಡಿಸಲಿಲ್ಲ. ಸಿಗಿಸ್ಮಂಡನ ಪರವಾಗಿ ಬಂದ ಕುಮನ್ ಎಂಬ ಜನ ಇಲ್ಲಿ ಮುಖವಿಲ್ಲದ ಗುಂಪು, ಅರ್ಥವಾಗದ ಮಾತು, ಕೊಲ್ಲುವುದು, ಸುಡುವುದು. ಹೆನ್ರಿಗೆ ಅವರು ಹಾಗೆ ಕಂಡರೆ ಆಶ್ಚರ್ಯವಿಲ್ಲ, ಅಪ್ಪ ಅಮ್ಮನನ್ನು ಕಳೆದುಕೊಂಡವ. ಆದರೆ ಆಟ ಮಾಡಿದವರು ಹೆನ್ರಿಗಿಂತ ಒಂದು ಹೆಜ್ಜೆ ಹಿಂದೆ ನಿಂತು ನೋಡಬಹುದಿತ್ತು. ಎರಡು ಭಾಷೆಯ ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಹೆಂಗಸರ ವಿಷಯದಲ್ಲಿ ಅವರು ಆ ಕೆಲಸ ಮಾಡಿದ್ದಾರೆ. 2019ರಲ್ಲಿ ಸೇರಿಸಿದ ಒಂದು ಭಾಗದಲ್ಲಿ ಸ್ಕಾಲಿಟ್ಜ್ ಸುಟ್ಟ ಅದೇ ದಿನವನ್ನು ಗಿರಣಿಯ ಹುಡುಗಿ ತೆರೇಸಾಳ ಕಣ್ಣಿನಿಂದ ನೋಡುತ್ತೇವೆ. ಹೆನ್ರಿಯ ಜೀವ ಉಳಿಸಿದ ಧೈರ್ಯ ಯಾರದ್ದು ಎಂದು ಅಲ್ಲಿ ಗೊತ್ತಾಗುತ್ತದೆ.

ಶಿಕ್ಷಕರಿಗೂ ಹೆತ್ತವರಿಗೂ ಒಂದು ಎಚ್ಚರಿಕೆ. ಇದು ಮಕ್ಕಳ ಆಟ ಅಲ್ಲ. ಯುರೋಪಿನಲ್ಲಿ ಇದಕ್ಕೆ 18 ವರ್ಷ ದಾಟಿದವರಿಗೆ ಎಂಬ ಗುರುತು ಹಾಕಿದ್ದಾರೆ. ರಕ್ತ, ಕುಡಿತ, ಹೊಲಸು ಮಾತು ಎಲ್ಲ ಉಂಟು. ಹೊತ್ತನ್ನೂ ತುಂಬ ತಿನ್ನುತ್ತದೆ. ಆದರೆ ದೊಡ್ಡವರಿಗೆ, ಅದರಲ್ಲೂ ಕಲಿಸುವ ಕೆಲಸದಲ್ಲಿ ಇರುವವರಿಗೆ, ಮೊದಲ ಇಪ್ಪತ್ತು ಗಂಟೆಯಾದರೂ ಆಡಿ ನೋಡಿ ಎನ್ನುತ್ತೇನೆ. ಏನೂ ಬಾರದವನಾಗಿ ಇರುವುದು ಎಷ್ಟು ಅವಮಾನ, ಸ್ವಲ್ಪ ಬಂದಾಗ ಎಷ್ಟು ಹಿಗ್ಗು ಎಂಬುದು ನಮಗೆ ಮರೆತುಹೋಗಿರುತ್ತದೆ. ಆಮೇಲಿನ ಗಂಟೆಗಳು ನಿಮ್ಮ ಇಷ್ಟ.

ಅಳಿಯ ರಜೆ ಮುಗಿಸಿ ಹೋಗುವಾಗ "ಮಾವ, ಎರಡನೇ ಭಾಗ ಹಾಕಿಕೊಡುದಾ?" ಎಂದು ಕೇಳಿದ. ಸದ್ಯಕ್ಕೆ ಬೇಡ ಮಾರಾಯ ಎಂದೆ. ಬದಲಿಗೆ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಯ ಹಳೆಯ ಮಲಯಾಳ ಪಾಠಪುಸ್ತಕ ಕೇಳಿ ತಂದಿದ್ದೇನೆ. ದಿನಕ್ಕೆ ಅರ್ಧ ಗಂಟೆ. ಬಸ್ಸಿನ ಬೋರ್ಡು ಈಗ ಓದುತ್ತೇನೆ, ಬಸ್ಸು ಸ್ವಲ್ಪ ಹೊತ್ತು ನಿಂತರೆ.